ಮಿಲ್ಲಿಂಗ್‌ನವನಿಗೆ ಸಿಕ್ಕ ಲೇತು

ನಮ್ಮ ಕಾಲದ ವರ್ಕ್‌ಶಾಪುಗಳಲ್ಲಿ ಲೇತಿನವನಿಗೂ ಮಿಲ್ಲಿಂಗ್‌ನವನಿಗೂ ಅಷ್ಟಕ್ಕಷ್ಟೆ. ಐಟಿಐ ಮುಗಿಸಿ ಈಗ ಮೆಷಿನ್ ಶಾಪಿಗೆ ಸೇರುವ ಹುಡುಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಅವರ ಕಣ್ಣಿಗೆ ಎರಡೂ ಒಂದೇ ಥರ: ಒಂದು ಪರದೆ, ಸಾಲು ಗುಂಡಿಗಳು, ಮುಚ್ಚಿದ ಬಾಗಿಲು. ನಮಗೆ ಹಾಗಿರಲಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ತಿಪಟೂರಿನ ಒಂದು ವರ್ಕ್‌ಶಾಪಿಗೆ ಟರ್ನರ್ ಆಗಿ ಸೇರಿದ ನಾನು ಕೆಲಸ ಬಿಡುವವರೆಗೂ ಅಲ್ಲೇ ಇದ್ದೆ. ಯಾವಾಗ ಹಿರಿಯ ಟರ್ನರ್ ಆದೆ, ಯಾರು ಹಾರ ಹಾಕಿದರು ಎಂಬುದನ್ನು ಬರೆದರೆ ನಿಮಗೂ ಉಪಯೋಗವಿಲ್ಲ, ನನಗೂ ಇಲ್ಲ. ನನ್ನ ಹೊಟ್ಟೆಕಿಚ್ಚಿನ ವಿಷಯ ಬರೆಯುತ್ತೇನೆ. ನಾನು ಕಲಿತದ್ದರಲ್ಲಿ ಅರ್ಧ ಅದರಿಂದಲೇ ಕಲಿತದ್ದು.

ಲೇತು ಎಂದರೆ ಇಷ್ಟೆ. ಕೆಲಸದ ತುಂಡನ್ನು, ಅಂದರೆ ನಾವು ಜಾಬ್ ಎನ್ನುವುದನ್ನು, ಚಕ್ಕು ಹಿಡಿದು ಗಿರಗಿರನೆ ತಿರುಗಿಸುತ್ತದೆ. ಕತ್ತರಿಸುವ ಟೂಲು ತಿರುಗುವುದಿಲ್ಲ. ಜಾಬಿನ ಉದ್ದಕ್ಕೋ ಅಡ್ಡಕ್ಕೋ ಸರಿಯುತ್ತಾ ಹೆರೆಯುತ್ತದೆ. ಹಾಗಾಗಿ ಲೇತಿನಿಂದ ಹುಟ್ಟುವುದೆಲ್ಲ ದುಂಡಗಿನದೇ: ಶಾಫ್ಟು, ಶಾಫ್ಟು ತೂರುವ ದಪ್ಪ ಬಳೆಯಂಥ ಬುಷ್ಷು, ಪುಲ್ಲಿ. ಮಿಲ್ಲಿಂಗ್ ಇದರ ತಿರುಗುಮುರುಗು. ಅಲ್ಲಿ ತಿರುಗುವುದು ಹಲ್ಲಿರುವ ಕಟರು. ಜಾಬು ಮೇಜಿನ ಮೇಲೆ ಬಿಗಿದುಕೊಂಡು ಸುಮ್ಮನೆ ಕೂತಿರುತ್ತದೆ. ಆ ಮೇಜು ಎಡಬಲಕ್ಕೆ, ಹಿಂದೆ ಮುಂದೆ, ಮೇಲೆ ಕೆಳಗೆ ಹೀಗೆ ಮೂರು ದಿಕ್ಕಿಗೆ ಸರಿಯುತ್ತದೆ. ಚಪ್ಪಟೆ ಮುಖ, ಗೇರಿನ ಹಲ್ಲು, ಪುಲ್ಲಿ ಜಾರದಂತೆ ಕೀ ಎಂಬ ಕಬ್ಬಿಣದ ಬೆಣೆ ಕೂರಿಸಲು ಶಾಫ್ಟಿನ ಮೇಲೆ ಕೊರೆಯುವ ಉದ್ದನೆಯ ಕಾಲುವೆ, ಇವೆಲ್ಲ ಮಿಲ್ಲಿಂಗ್‌ನವನ ಪಾಲು.

ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ ಬಂತೆಂದರೆ ನಮ್ಮ ಶಾಪಿನ ಬಾಗಿಲಲ್ಲೂ ಜನ. ಎಣ್ಣೆ ಮಿಲ್ಲಿನವರು ಮುರಿದ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದರು, ತೋಟದವರು ಸವೆದ ಪಂಪಿನ ಬುಷ್ಷನ್ನು ಜೇಬಿನಲ್ಲಿಟ್ಟುಕೊಂಡು. ಬೆಳಗಿನಿಂದ ನಿಂತುಕೊಂಡು ಕಬ್ಬಿಣದ ದಿಮ್ಮಿಯನ್ನು ಶಾಫ್ಟು ಮಾಡುವವನು ನಾನು. ಕೊನೆಯಲ್ಲಿ ಅದು ಮಿಲ್ಲಿಂಗ್‌ಗೆ ಹೋಗುತ್ತಿತ್ತು. ಅಲ್ಲಿ ರುದ್ರೇಶ ಸ್ಟೂಲಿನ ಮೇಲೆ ಕೂತು ಒಂದು ಕಾಲುವೆ ಕೊರೆದು, ಬಟ್ಟೆಯಲ್ಲಿ ಒರೆಸಿ, ಗಿರಾಕಿಯ ಕೈಗೆ ಕೊಡುತ್ತಿದ್ದ. ಗಿರಾಕಿ ಅವನಿಗೆ ಕೈ ಮುಗಿಯುತ್ತಿದ್ದ. "ಬಾಳ ಚೆನ್ನಾಗ್ ಮಾಡಿದ್ದೀಯ ಕಣಪ್ಪ" ಎನ್ನುತ್ತಿದ್ದ. ನಾನು ಹಿಂದೆ ಚೂರು ಗುಡಿಸುತ್ತಿರುತ್ತಿದ್ದೆ.

ರುದ್ರೇಶ ಕೆಂಕೆರೆಯವನು, ನನಗಿಂತ ಸ್ವಲ್ಪ ಚಿಕ್ಕವನು. ತೆಳ್ಳಗೆ, ಮಾತು ಕಡಿಮೆ, ಬಾಯಲ್ಲಿ ಯಾವಾಗಲೂ ಲೆಕ್ಕ. ಮಿಲ್ಲಿಂಗ್‌ನಲ್ಲಿ ಮೊದಲು ಜಾಬಿನ ಒಂದು ಅಂಚನ್ನು ಸೊನ್ನೆ ಎಂದು ಹಿಡಿಯಬೇಕು. ಅಲ್ಲಿಂದ ಹಿಡಿಕೆಯ ಡಯಲು ಎಣಿಸುತ್ತಾ ಇಷ್ಟು ಆಚೆ, ಇಷ್ಟು ಒಳಗೆ, ಇಷ್ಟು ಆಳ ಎಂದು ಹೋಗಬೇಕು. ನಮ್ಮ ಕೆಲಸ ಬೇರೆ. ನಾನು ಕಿವಿಯಲ್ಲಿ ಕೆಲಸ ಮಾಡುತ್ತಿದ್ದೆ. ಟೂಲು ಮೊಂಡಾಯಿತೆಂದರೆ ಸದ್ದು ಬದಲಾಗುತ್ತದೆ, ಕಟ್ ಜಾಸ್ತಿಯಾದರೆ ಹಿಡಿಕೆ ಅಂಗೈಯಲ್ಲಿ ನಡುಗುತ್ತದೆ. ನನ್ನ ಕೈಯೇ ದೊಡ್ಡದು ಎಂದು ನಂಬಿದ್ದೆ. ಆದರೂ ಯಾರಾದರೂ ದೊಡ್ಡವರು ಶಾಪು ನೋಡಲು ಬಂದರೆ ಯಜಮಾನರು ಕರೆದುಕೊಂಡು ಹೋಗುತ್ತಿದ್ದದ್ದು ಕಿಟಕಿ ಪಕ್ಕದ ಮಿಲ್ಲಿಂಗ್ ಮೆಷಿನ್ನಿನ ಹತ್ತಿರಕ್ಕೆ. ನನ್ನ ಲೇತು ಅವರು ಹಾದುಹೋಗುವ ದಾರಿಯಲ್ಲಿತ್ತು, ಅಷ್ಟೆ.

ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ನಮ್ಮ ಯಜಮಾನರಾದ ನಂಜುಂಡಪ್ಪನವರಿಗೆ ಬೆಂಗಳೂರಿನ ಒಂದು ಪಂಪ್ ಕಂಪನಿಯ ಬುಷ್ಷಿನ ಆರ್ಡರು ಸಿಕ್ಕಿತು. ಒಂದೇ ಅಳತೆಯ ಬುಷ್ಷು, ರಾಶಿ ರಾಶಿ. ಕೈ ಲೇತಿನಲ್ಲಿ ಪೂರೈಸುವುದಿಲ್ಲವೆಂದು ಅವರು ಕಂಪ್ಯೂಟರ್ ಲೇತು ತರಿಸಲು ಗಟ್ಟಿ ಮನಸ್ಸು ಮಾಡಿದರು. ಸಿಎನ್‌ಸಿ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಆಗಲೇ. ಲೇತು ಎಂದ ಮೇಲೆ ಅದು ನನ್ನದು. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮನೆಯಲ್ಲಿ ಹೆಂಡತಿ ಗಿರಿಜಾಗೆ, "ಟ್ರೇನಿಂಗಿಗೆ ಬೆಂಗಳೂರಿಗೆ ಕಳಿಸ್ತಾರೆ, ಒಂದು ಒಳ್ಳೇ ಷರಟು ಇಸ್ತ್ರಿ ಮಾಡಿಸಿಡು" ಎಂದು ಹೇಳಿಯೂ ಆಗಿತ್ತು.

ಯಜಮಾನರು ರುದ್ರೇಶನನ್ನು ಕಳಿಸಿದರು.

ಸುದ್ದಿ ತಿಳಿದ ತಕ್ಷಣ ಅವರ ರೂಮಿಗೆ ನುಗ್ಗಿದೆ. ಫೋರ್‌ಮನ್ ಖಾಸಿಂ ಸಾಹೇಬರೂ ಅಲ್ಲೇ ಇದ್ದರು.

"ಸಾರ್, ಬತ್ತಿರೋದು ಲೇತೋ ಮಿಲ್ಲಿಂಗೋ?" ಎಂದೆ.

"ಲೇತೇ ಕಣಯ್ಯ."

"ಹಂಗಾದ್ರೆ ಮಿಲ್ಲಿಂಗ್‌ನವನ್ನ ಯಾಕ್ ಸಾರ್ ಕಳಿಸ್ತಿದ್ದೀರ?"

ನಂಜುಂಡಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡು ಬಸವರಾಜ, ಆ ಮಿಷನ್ನಿಗೆ ಹಿಡಿಕೇನೇ ಇಲ್ಲ. ಎಲ್ಲಾ ನಂಬರು. ಸೊನ್ನೆಯಿಂದ ಇಷ್ಟು ದೂರ ಹೋಗು, ಇಷ್ಟು ಒಳಕ್ಕೆ ಬಾ ಅಂತ ಬರ್‍ದು ಕೊಡ್ಬೇಕು. ರುದ್ರೇಶ ದಿನಾ ಮಾಡೋದೇ ಅದು."

"ನಾನು ಕಲಿಯಲ್ವಾ ಸಾರ್?"

"ಕಲೀತೀಯ. ಆದ್ರೆ ನೀನು ಬೆಂಗಳೂರಲ್ಲಿ ಕೂತ್ಕಂಡ್ರೆ ಇಲ್ಲಿ ಶಾಫ್ಟು ಹೊಡಿಯೋರು ಯಾರು? ಮಿಲ್ಲಿಂಗ್ ನಾಕ್ ದಿನ ನಿಂತ್ರೂ ನಡೀತದೆ. ಲೇತು ನಿಂತ್ರೆ ಶಾಪೇ ನಿಂತಂಗೆ."

ಖಾಸಿಂ ಸಾಹೇಬರು ನನ್ನ ಭುಜ ತಟ್ಟಿದರು. "ಖುಷಿ ಪಡಪ್ಪ, ನೀನಿಲ್ದೆ ಆಗಲ್ಲ ಅಂತಿದ್ದಾರೆ." ಆ ಸಮಾಧಾನ ಗಾಯಕ್ಕೆ ಮೆಣಸಿನಪುಡಿ ಹಾಕಿದಂತಾಯಿತು. ನನ್ನನ್ನು ಬಿಟ್ಟು ಶಾಪು ನಡೆಯುವುದಿಲ್ಲ ಎಂಬ ಕಾರಣಕ್ಕೇ ನನಗೆ ಸಿಗಬೇಕಾದದ್ದು ಸಿಗಲಿಲ್ಲ.

ಮೆಷಿನ್ನು ಬರುವ ಮೊದಲೇ ಅದಕ್ಕೊಂದು ಕೋಣೆ ಎದ್ದಿತು. ಮೂರು ಕಡೆ ಗಾಜು, ಒಳಗೆ ಏಸಿ. ಬಿಸಿಗೂ ಧೂಳಿಗೂ ಕಂಪ್ಯೂಟರು ಕೆಡುತ್ತದಂತೆ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ತಿಪಟೂರಿನ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ನಾವು ಬೆವರು ಒರೆಸಿಕೊಳ್ಳುತ್ತಾ ಕಬ್ಬಿಣ ಹೆರೆಯುತ್ತಿದ್ದರೆ ಗಾಜಿನಾಚೆ ರುದ್ರೇಶ ಸ್ವೆಟರು ಹಾಕಿಕೊಂಡು ನಿಂತಿರುತ್ತಿದ್ದ. ಆ ಸ್ವೆಟರಿನ ಮೇಲೆ ನನಗಿದ್ದಷ್ಟು ಕೋಪ ಇನ್ನಾವ ಬಟ್ಟೆಯ ಮೇಲೂ ಇರಲಿಲ್ಲ.

ಆದರೂ ನೋಡದೆ ಇರಲು ಆಗುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆ. ಕೆಲಸದ ಮೂಲ ನಮ್ಮ ಲೇತಿನದೇ: ಜಾಬು ತಿರುಗುತ್ತದೆ, ಟೂಲು ಸರಿಯುತ್ತದೆ. ಆದರೆ ಹಿಡಿಕೆ ತಿರುಗಿಸುವ ಕೈಯ ಜಾಗದಲ್ಲಿ ಒಂದೊಂದು ದಿಕ್ಕಿಗೆ ಒಂದೊಂದು ಮೋಟರು. ಉದ್ದಕ್ಕೆ ಸರಿಯುವುದಕ್ಕೆ ಝಡ್, ಅಡ್ಡಕ್ಕೆ ಎಕ್ಸ್ ಎಂದು ಹೆಸರು. ಮಿಲ್ಲಿಂಗ್‌ಗೆ ಮೂರು ದಿಕ್ಕಾದರೆ ಲೇತಿಗೆ ಈ ಎರಡೇ ಸಾಕು, ದುಂಡಗೆ ಮಾಡುವ ಕೆಲಸವನ್ನು ತಿರುಗುವ ಜಾಬೇ ಮಾಡಿಕೊಳ್ಳುತ್ತದೆ. ಹಸಿರು ಅಕ್ಷರದ ಪರದೆಯಲ್ಲಿ ಸಾಲಿಗೊಂದು ಆಜ್ಞೆ: ಇಲ್ಲಿಗೆ ಬೇಗ ಹೋಗು, ಇಲ್ಲಿಂದ ಅಲ್ಲಿಗೆ ನಿಧಾನವಾಗಿ ಕತ್ತರಿಸು, ಈ ವೇಗದಲ್ಲಿ ತಿರುಗು, ಈಗ ಟೂಲು ಬದಲಿಸು. ಮೋಟರು ಹೇಳಿದಷ್ಟು ಸರಿದು, ಎಷ್ಟು ಸರಿದೆ ಎಂಬುದನ್ನು ಕಂಪ್ಯೂಟರಿಗೆ ವಾಪಸ್ಸು ತಿಳಿಸುತ್ತದೆ. ಕೂದಲೆಳೆಯಷ್ಟು ತಪ್ಪಿದ್ದರೂ ಕಂಪ್ಯೂಟರು ಅದನ್ನು ಸರಿಮಾಡಿಸುತ್ತದೆ. ನನ್ನ ಲೇತಿನ ಹಿಡಿಕೆಯಲ್ಲಿ ಹಿಂದೆ ತಿರುಗಿಸುವಾಗ ಸ್ವಲ್ಪ ಸಡಿಲ ಆಟ ಇರುತ್ತಿತ್ತು. ಆ ಆಟವನ್ನು ಲೆಕ್ಕ ಹಾಕಿ ಕೆಲಸ ತೆಗೆಯುವುದೇ ನನ್ನ ಹೆಮ್ಮೆ. ಆ ಮೆಷಿನ್ನಿನಲ್ಲಿ ಆಟವೇ ಇರಲಿಲ್ಲ.

ಒಂದು ದಿನ ಅದು ಜಾಬಿನ ಮುಖ ಹೆರೆಯುವುದನ್ನು ಕಂಡೆ. ಟೂಲು ಅಂಚಿನಿಂದ ನಡುವಿಗೆ ಬರುತ್ತಿದ್ದಂತೆ ಚಕ್ಕು ತಾನಾಗಿಯೇ ವೇಗ ಹೆಚ್ಚಿಸಿಕೊಂಡಿತು. ಸದ್ದು ಏರುತ್ತಾ ಏರುತ್ತಾ ಹೋಗಿ ನಡುವಿನಲ್ಲಿ ನಿಂತಿತು. ನಡುವಿಗೆ ಹೋದಷ್ಟೂ ಸುತ್ತು ಚಿಕ್ಕದಾಗುತ್ತದೆ, ಹಾಗಾಗಿ ವೇಗ ಹೆಚ್ಚಿಸಿದರೆ ಮಾತ್ರ ಮುಖ ಕನ್ನಡಿಯ ಹಾಗೆ ಬರುತ್ತದೆ. ನನಗೆ ಅದು ಗೊತ್ತಿತ್ತು. ಆದರೆ ನನ್ನ ಲೇತಿನಲ್ಲಿ ವೇಗ ಬದಲಿಸಲು ಮೆಷಿನ್ ನಿಲ್ಲಿಸಿ ಗೇರು ಹಾಕಬೇಕು. ಇಷ್ಟು ವರ್ಷ ಗೊತ್ತಿದ್ದೂ ಮಾಡಲಾಗದ ಕೆಲಸವನ್ನು ಅದು ನನ್ನ ಕಣ್ಣೆದುರೇ ಮಾಡಿತು. ಅವತ್ತು ಬುತ್ತಿ ಬಿಚ್ಚಲೂ ಮನಸ್ಸಾಗಲಿಲ್ಲ.

ಸಂಜೆ ನೊಣವಿನಕೆರೆಯ ಬಸ್ಸಿಳಿದು ಮನೆಗೆ ಹೋದರೆ ಊಟದ ಡಬ್ಬಿ ತುಂಬಿಯೇ ಇತ್ತು. ಗಿರಿಜಾ ಕಾರಣ ಕೇಳಿದಳು. ಹೇಳಿದೆ.

"ಅಲ್ಲ ಕಣ್ರೀ, ಮನುಷ್ಯರ ಮೇಲೆ ಹೊಟ್ಟೆ ಉರ್ಕೊಳೋರನ್ನ ನೋಡಿದ್ದೆ. ಮಿಷನ್ ಮೇಲೆ ಉರ್ಕೊಳೋರು ನೀವೊಬ್ರೇ" ಎಂದಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಸರಿಯಿತ್ತು. "ಆದ್ರೂ ರುದ್ರೇಶಣ್ಣ ಒಳ್ಳೇರು ಬುಡಿ, ಹೋದ್ಸಲ ಬಂದಾಗ ನಮ್ ರುಬ್ಬೋ ಮಿಷನ್ನಿನ ಬೆಲ್ಟ್ ಸರಿ ಮಾಡ್ಕೊಟ್ರು" ಎಂದು ಸೇರಿಸಿದಳು. ಆ ಬೆಲ್ಟು ಸರಿ ಮಾಡಿಕೊಡೆಂದು ಅವಳು ನನಗೆ ಎಷ್ಟೋ ಸಲ ಹೇಳಿದ್ದಳು.

ಮರುದಿನ ಶಾಪಿನಲ್ಲಿ ಚಹಾ ಕುಡಿಯುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಏಸಿಯಲ್ಲಿ ಕೂತು ಗುಂಡಿ ಒತ್ತೋಕೆ ಯಾರಿಗ್ ಬರಲ್ಲ? ಬರ್ಲಿ, ಒಂದು ಬುಷ್ಷು ನಾನ್ ಹೊಡೀತೀನಿ, ಒಂದು ಅದು ಹೊಡೀಲಿ" ಎಂದೆ. ಖಾಸಿಂ ಸಾಹೇಬರು ಆ ಮಾತನ್ನೇ ಹಿಡಿದುಕೊಂಡುಬಿಟ್ಟರು. "ಹೊಡಿ ನೋಡಾಣ" ಎಂದು ಇಬ್ಬರಿಗೂ ಒಂದೇ ನಕ್ಷೆ, ಒಂದೇ ಸರಳಿನ ತುಂಡು ಕೊಟ್ಟರು.

ನಾನು ಚಕ್ಕಿಗೆ ಹಾಕಿ ಶುರು ಮಾಡಿದೆ. ಗಾಜಿನೊಳಗೆ ರುದ್ರೇಶ ಕಾಗದದ ಮೇಲೆ ಬರೆಯುತ್ತಿದ್ದ. ನಾನು ಹೊರಮೈ ಮುಗಿಸಿದೆ. ಅವನು ಗುಂಡಿ ಒತ್ತುತ್ತಿದ್ದ. ನಾನು ಒಳತೂತು ಮುಗಿಸಿದೆ. ಅವನು ಒಂದೊಂದು ಟೂಲಿನ ತುದಿಯೂ ಎಲ್ಲಿದೆ ಎಂದು ಮೆಷಿನ್ನಿಗೆ ತಿಳಿಸುತ್ತಿದ್ದ. ನಾನು ಬುಷ್ಷನ್ನು ಕೈಯಲ್ಲಿ ಹಿಡಿದು ಎತ್ತಿದಾಗ ಅವನ ಚಕ್ಕು ಇನ್ನೂ ಒಂದು ಸುತ್ತೂ ತಿರುಗಿರಲಿಲ್ಲ. ಶಾಪಿನವರೆಲ್ಲ ಶಿಳ್ಳೆ ಹೊಡೆದರು. ನನ್ನ ಎದೆ ಉಬ್ಬಿತು.

"ನಿಲ್ಲಿಸ್ಬೇಡ, ಹೊಡೀತಾ ಇರು" ಎಂದರು ಖಾಸಿಂ ಸಾಹೇಬರು.

ಊಟದ ಹೊತ್ತಿಗೆ ಅವನು ನನ್ನನ್ನು ದಾಟಿದ್ದ. ಸಂಜೆಗೆ ಅವನ ತಟ್ಟೆ ತುಂಬಿ ಇನ್ನೊಂದು ತಟ್ಟೆ ಇಟ್ಟಿದ್ದರು. ಖಾಸಿಂ ಸಾಹೇಬರು ಇಬ್ಬರ ಬುಷ್ಷನ್ನೂ ಒಂದೊಂದಾಗಿ ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿದರು. ನನ್ನದರಲ್ಲಿ ಒಂದನ್ನೂ ತಳ್ಳಿಹಾಕಲಿಲ್ಲ.

"ನಿಂದೂ ಎಲ್ಲಾ ಪಾಸೇ ಬಸವರಾಜ" ಎಂದರು. "ಆದ್ರೆ ನಿನ್ ಬುಷ್ ಒಂದೊಂದಕ್ಕೂ ಒಂದೊಂದ್ ಮೊಖ. ಅವನದ್ದಕ್ಕೆಲ್ಲಾ ಒಂದೇ ಮೊಖ."

ನಿಜ. ಬೆಳಗಿನ ಬುಷ್ಷಿನಲ್ಲಿ ನನ್ನ ಹುರುಪಿತ್ತು, ಸಂಜೆಯದರಲ್ಲಿ ನನ್ನ ಸೊಂಟನೋವಿತ್ತು. ಅವನ ಮೊದಲ ಬುಷ್ಷು ಯಾವುದು, ಕೊನೆಯದು ಯಾವುದು ಎಂದು ಅವನಿಗೂ ಹೇಳಲಾಗುತ್ತಿರಲಿಲ್ಲ. ಹುಡುಗರು ಇದನ್ನು ಗಮನಿಸಬೇಕು. ಗೋಣಿಚೀಲದಲ್ಲಿ ಬರುವ ಒಂದೇ ಒಂದು ಮುರಿದ ಶಾಫ್ಟಿಗೆ ಇವತ್ತಿಗೂ ಕೈ ಲೇತೇ ಬೇಗ. ಅದೇ ಕೆಲಸ ಮತ್ತೆ ಮತ್ತೆ ಬೇಕಾದಾಗ ಪ್ರೋಗ್ರಾಮು ಬರೆದ ಹೊತ್ತೆಲ್ಲ ತೀರಿಹೋಗಿ ಸಿಎನ್‌ಸಿ ಮುಂದಾಗುತ್ತದೆ. ಇದನ್ನು ಈಗ ತಣ್ಣಗೆ ಬರೆಯುತ್ತಿದ್ದೇನೆ. ಅವತ್ತು ಅವನ ತಟ್ಟೆಯನ್ನು ಒದೆಯಬೇಕೆನಿಸಿತ್ತು.

ಕೆಲವು ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ನಾನು ಶಾಫ್ಟಿನ ಮೇಲೆ ಬಗ್ಗಿದ್ದಾಗ ಗಾಜಿನ ಕೋಣೆಯಿಂದ ಢಬ್ ಎಂದು ಸದ್ದು ಬಂತು. ನೆಲವೇ ಅದುರಿತು. ಓಡಿ ಹೋಗಿ ನೋಡಿದರೆ ಮೆಷಿನ್ನು ನಿಂತಿದೆ, ಟೂಲುಗಳನ್ನು ಹಿಡಿಯುವ ತಿರುಗು ತಲೆ ಜಾಬಿಗೆ ಗುದ್ದಿ ವಾರೆಯಾಗಿದೆ, ರುದ್ರೇಶ ಬಿಳಿಚಿಕೊಂಡು ಕೆಂಪು ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಾನೆ.

ಆಗಿದ್ದು ಇಷ್ಟೆ. ಕತ್ತರಿಸಿದ ಮೇಲೆ ಟೂಲು ಜಾಬಿನಿಂದ ದೂರಕ್ಕೆ, ನೂರು ಮಿಲಿಮೀಟರಿನ ವ್ಯಾಸಕ್ಕೆ, ಜೋರಾಗಿ ಸರಿಯಬೇಕಿತ್ತು. ಹೊಸ ಪ್ರೋಗ್ರಾಮಿನಲ್ಲಿ ಅವನು ನೂರು ಎಂದು ಒತ್ತಿದ, ಅದರ ಕೊನೆಗೆ ದಶಮಾಂಶದ ಪಾಯಿಂಟು ಒತ್ತಲಿಲ್ಲ. ಆ ಕಾಲದ ಕಂಟ್ರೋಲಿನಲ್ಲಿ ಪಾಯಿಂಟಿಲ್ಲದ ನೂರು ಅಂದರೆ ಮಿಲಿಮೀಟರಿನ ಸಾವಿರದ ಭಾಗಗಳಲ್ಲಿ ನೂರು. ಅಂದರೆ ಹೆಚ್ಚುಕಡಿಮೆ ಸೊನ್ನೆ. ಟೂಲು ಹೊರಗೆ ಹೋಗುವ ಬದಲು ತಿರುಗುತ್ತಿದ್ದ ಜಾಬಿನ ನಡುವಿಗೆ ಪೂರ್ತಿ ವೇಗದಲ್ಲಿ ನುಗ್ಗಿತು. ಕೈ ಲೇತಿನಲ್ಲಿ ಇಂಥ ತಪ್ಪಾದರೆ ಅಂಗೈ ಮೊದಲೇ ತಿಳಿಸುತ್ತದೆ. ಕಂಪ್ಯೂಟರಿಗೆ ಅಂಗೈ ಇಲ್ಲ, ಕಿವಿಯೂ ಇಲ್ಲ. ಹುಡುಗರೇ, ಹೊಸ ಪ್ರೋಗ್ರಾಮನ್ನು ಮೊದಲು ಜಾಬಿಲ್ಲದೆ, ಒಂದೊಂದೇ ಸಾಲಾಗಿ, ಹೆಬ್ಬೆರಳು ನಿಲ್ಲಿಸುವ ಗುಂಡಿಯ ಮೇಲಿಟ್ಟುಕೊಂಡು ಓಡಿಸಿ.

ನನಗೆ ಆಗ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಹೊಟ್ಟೆಯೊಳಗೆ ತಣ್ಣನೆ ಮಜ್ಜಿಗೆ ಇಳಿದಂತಾಯಿತು.

ಬೆಂಗಳೂರಿನಿಂದ ಎಂಜಿನಿಯರು ಬಂದು ರಿಪೇರಿ ಮಾಡುವವರೆಗೆ ಆರ್ಡರು ನಿಂತಿತು. ನಂಜುಂಡಪ್ಪನವರು ಕೂಗಾಡಿದವರಲ್ಲ, ಅವತ್ತು ಕೂಗಾಡಿದರು. "ಇನ್ಮೇಲೆ ಆ ರೂಮಿನೊಳಕ್ಕೆ ನೀನು ಕಾಲಿಡಕೂಡದು" ಎಂದು ಎಲ್ಲರೆದುರು ರುದ್ರೇಶನಿಗೆ ಹೇಳಿದರು. ಅವನು ತಲೆ ತಗ್ಗಿಸಿ ಮಿಲ್ಲಿಂಗ್ ಮೆಷಿನ್ನಿಗೆ ಹಿಂತಿರುಗಿದ. ರಿಪೇರಿಯಾದ ದಿನ ಯಜಮಾನರು ನನ್ನನ್ನು ಕರೆದು, "ನಡಿ ಬಸವರಾಜ, ಇನ್ನು ನಿಂದು" ಎಂದರು. ನಾನು ಒಂದು ಮಾತಿಗಾದರೂ ಬೇಡ ಎನ್ನಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ತಂಪು ಮೈಗೆ ತಾಗಿತು.

ಬೆಂಗಳೂರಿನ ಎಂಜಿನಿಯರು ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಒಂದಿಷ್ಟು ಹೇಳಿ ಬಸ್ಸು ಹತ್ತಿದರು. ದಪ್ಪ ಪುಸ್ತಕವೂ ಇಂಗ್ಲಿಷಿನದೇ. ಹಳೆಯ ಬುಷ್ಷನ್ನು ಓಡಿಸಲು ಬಂತು, ಹೊಸ ನಕ್ಷೆ ಬಂದಾಗ ಸಿಕ್ಕಿಬಿದ್ದೆ. ಐವತ್ತು ಮಿಲಿಮೀಟರ್ ದಪ್ಪದ ಸರಳನ್ನು ನಲವತ್ತೆಂಟಕ್ಕೆ ಇಳಿಸಬೇಕಿತ್ತು. ಅಭ್ಯಾಸಬಲದಿಂದ ನಲವತ್ತೊಂಬತ್ತು ಎಂದು ಕೊಟ್ಟೆ. ಕೈ ಲೇತಿನಲ್ಲಿ ಟೂಲನ್ನು ಒಂದು ಮಿಲಿಮೀಟರ್ ಒಳಕ್ಕೆ ಒತ್ತಿದರೆ ಜಾಬು ಎರಡೂ ಬದಿಯಿಂದ ಸವೆದು ಎರಡು ಕಡಿಮೆಯಾಗುತ್ತದಲ್ಲ, ಆ ಅರ್ಧದ ಲೆಕ್ಕ ನನ್ನ ರಕ್ತದಲ್ಲೇ ಇತ್ತು. ಜಾಬು ನಲವತ್ತೊಂಬತ್ತಕ್ಕೇ ಬಂತು. ಎಲ್ಲಿ ತಪ್ಪಿತು ಎಂದು ತಿಳಿಯದೆ ಮತ್ತೆ ಮತ್ತೆ ಅಳೆದೆ. ಯಾರನ್ನು ಕೇಳಬೇಕೋ ಅವನನ್ನು ಕೇಳಲು ಬಾಯಿ ಬರುತ್ತಿರಲಿಲ್ಲ.

ಗಾಜಿನ ಮೇಲೆ ಟಕ್ ಟಕ್ ಎಂದಿತು. ಹೊರಗೆ ರುದ್ರೇಶ ನಿಂತು ನನ್ನ ಪರದೆಯನ್ನೂ ನಕ್ಷೆಯನ್ನೂ ನೋಡುತ್ತಿದ್ದ. ಕಬ್ಬಿಣದ ಮೇಲೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಗಾಜಿನ ಮೇಲೆ ಒಂದು ವೃತ್ತ ಬರೆದ. ನಡುವಿನಿಂದ ಅಂಚಿಗೆ ಗೆರೆ ಎಳೆದು ಅದನ್ನು ಹೊಡೆದುಹಾಕಿದ. ಈ ಅಂಚಿನಿಂದ ಆ ಅಂಚಿಗೆ ಪೂರ್ತಿ ಗೆರೆ ಎಳೆದು ಪಕ್ಕದಲ್ಲಿ ಎಕ್ಸ್ ಎಂದು ಬರೆದ. ಇಲ್ಲಿ ಅರ್ಧದ ಲೆಕ್ಕವಿಲ್ಲ, ಎಕ್ಸ್ ಅಂದರೆ ಪೂರ್ತಿ ವ್ಯಾಸ! ಅದರ ಕೆಳಗೆ ನಲವತ್ತೆಂಟು ಎಂದು ಅಂಕಿ ಬರೆದು, ಕೊನೆಗೆ ಪಾಯಿಂಟನ್ನು ಹುಣಸೆಬೀಜದಷ್ಟು ದೊಡ್ಡದಾಗಿ ಒತ್ತಿ ಇಟ್ಟ. ಒಳಗಿನಿಂದ ಓದುತ್ತಿದ್ದ ನನಗೆ ಎಲ್ಲವೂ ಸರಿಯಾಗಿ ಕಂಡಿತು. ಆಮೇಲೆ ಹೊಳೆಯಿತು, ನನಗೆ ನೇರ ಕಾಣಲೆಂದು ಅವನು ಹೊರಗಿನಿಂದ ಅಂಕಿಗಳನ್ನು ತಿರುಗಿಸಿ ಬರೆಯುತ್ತಿದ್ದ.

ಹಾಗೇ ನಡೆಯಿತು ನನ್ನ ಟ್ರೇನಿಂಗು. ಊಟ ಬೇಗ ಮುಗಿಸಿ ಅವನು ಗಾಜಿನ ಹೊರಗೆ ಬಂದು ನಿಲ್ಲುತ್ತಿದ್ದ. ಯಜಮಾನರು ಒಂದೆರಡು ಸಲ ನೋಡಿದರು. ಕಾಲು ಒಳಗಿಟ್ಟಿಲ್ಲವಲ್ಲ ಎಂದೋ ಏನೋ, ಏನೂ ಹೇಳಲಿಲ್ಲ. ಅವನು ತನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಟ್ಟ. ಅವನ ಜಾಗದಲ್ಲಿ ನಾನಿದ್ದರೆ ಕೊನೆಯದೊಂದು ಗುಟ್ಟನ್ನಾದರೂ ಉಳಿಸಿಕೊಳ್ಳುತ್ತಿದ್ದೆ. ಅದಕ್ಕೇ ನನಗೆ ಅನುಮಾನ. ಏನೋ ಮುಚ್ಚಿಟ್ಟಿದ್ದಾನೆ ಎಂದು ಪುಸ್ತಕದ ಚಿತ್ರಗಳನ್ನೆಲ್ಲ ತಿರುವಿಹಾಕಿದೆ. ಅವನು ಹೇಳದ್ದು ಅಲ್ಲಿ ಏನೂ ಸಿಗಲಿಲ್ಲ.

ಹೊಸ ನಕ್ಷೆಯ ಮೊದಲ ಬುಷ್ಷು ಸರಿಯಾಗಿ ಬಂದ ದಿನ ಬಾಗಿಲು ತೆರೆದು ಅವನ ಕೈಗೆ ಕೊಟ್ಟೆ. ಅವನು ಮೈಕ್ರೋಮೀಟರು ಹಿಡಿದ, ತಿರುಗಿಸಿ ಇನ್ನೊಂದು ಕಡೆ ಹಿಡಿದ, ಒಳಗೆ ಬೆರಳು ಹಾಕಿ ಸವರಿದ. ಆಮೇಲೆ ಅದನ್ನು ಎತ್ತಿ ಹಿಡಿದು ಶಾಪಿನ ನಡುವೆ ನಡೆದ.

"ನೋಡ್ರಪ್ಪೋ, ಬಸಣ್ಣ ಹೊಡ್ದಿರೋದು! ಸಾಹೇಬ್ರೇ, ಇಲ್ನೋಡಿ, ಮುಖ ಹೆಂಗೈತೆ!" ಮಾತೇ ಆಡದ ಮನುಷ್ಯ ಒಂದು ಮೆಷಿನ್ನನ್ನೂ ಬಿಡದೆ ಎಲ್ಲರಿಗೂ ತೋರಿಸಿ ಬಂದ. ಯಜಮಾನರ ರೂಮಿಗೂ ಹೋಗಿ ತೋರಿಸಿದ.

ಸಂಜೆ ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ನಡೆದೆವು. ಅವನಿಗೆ ಹುಳಿಯಾರಿನ ಬಸ್ಸು, ನನಗೆ ನೊಣವಿನಕೆರೆಯದು. ತಡೆದುಕೊಳ್ಳಲಾಗದೆ ಕೇಳಿಯೇಬಿಟ್ಟೆ.

"ಲೇ ರುದ್ರ, ನಿಜ ಹೇಳು. ನಿನ್ ಮಿಷನ್ ನನಗೆ ಬಂತಲ್ಲ, ನಿನಗೆ ಹೊಟ್ಟೆ ಉರಿಯಾಕಿಲ್ವಾ?"

ಅವನು ನನ್ನನ್ನು ನೋಡಿ ನಕ್ಕ. "ಉರೀದೆ ಇರ್ತದಾ ಬಸಣ್ಣ? ನಿನ್ನ ಒಳಗ್ ನೋಡ್ದಾಗೆಲ್ಲಾ ಉರೀತದೆ. ರಾತ್ರಿ ನಿದ್ದೇನೂ ಬರಲ್ಲ ಒಂದೊಂದ್ ಸಲ."

"ಮತ್ತೆ?"

"ಮತ್ತೇನು, ಬುಷ್ಷು ಚೆನ್ನಾಗ್ ಬಂದೈತಲ್ಲ ಕಣಣ್ಣ" ಎಂದ. ಅಷ್ಟರಲ್ಲಿ ಅವನ ಬಸ್ಸು ಬಂತು, "ಬತ್ತೀನಿ" ಎಂದು ಓಡಿ ಹತ್ತಿದ.

ನನ್ನ ಬಸ್ಸು ತಡವಾಗಿ ಬಂತು. ಕಿಟಕಿ ಪಕ್ಕ ಕೂತೆ. ಅವನ ಮೆಷಿನ್ನು ನನ್ನದಾಗಿತ್ತು, ಅವನಿಗೆ ಬರುವ ಲೆಕ್ಕವೆಲ್ಲ ನನಗೂ ಬಂದಿತ್ತು, ಬೇಕೆಂದರೆ ಅವನಂತೆ ಸ್ವೆಟರನ್ನೂ ಕೊಳ್ಳಬಹುದಿತ್ತು. ಆದರೆ ಹೊಟ್ಟೆ ಉರಿಯುತ್ತಿರುವಾಗಲೇ ಅವನು ಆಡಿದ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಊರು ಬರುವವರೆಗೂ ಅವನನ್ನು ನೆನೆದು ಕರುಬುತ್ತಲೇ ಹೋದೆ.